ಬುನಾದಿಯಿಲ್ಲದ ಗಾಳಿಯಂತ್ರ: ಕಡಲಿಗೆ ಹೋಗುವ ಮುನ್ನ ತೊಟ್ಟಿಯಲ್ಲಿ

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಪರದೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ವಿವರಣೆ ಸೇರಿಸಲಾಗಿದೆ.)

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಯಲಬುರ್ಗಾ, ಕುಕನೂರು, ಕುಷ್ಟಗಿ ಕಡೆಯ ಎರೆಹೊಲಗಳಲ್ಲಿ ಗಾಳಿಯಂತ್ರ ನಿಲ್ಲಿಸುವುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಕಂಬದ ತುಂಡುಗಳು ಲಾರಿಯಲ್ಲಿ ಬರುವ ಮೊದಲೇ ಅಲ್ಲಿ ದೊಡ್ಡದೊಂದು ಗುಂಡಿ ತೆಗೆದು, ಹದಿನೈದು ಇಪ್ಪತ್ತು ಮೀಟರ್ ಅಗಲಕ್ಕೆ ಕಬ್ಬಿಣದ ಸರಳು ಕಟ್ಟಿ, ನೂರಾರು ಘನ ಮೀಟರ್ ಕಾಂಕ್ರೀಟು ಸುರಿದು, ಕಡೆಗೆ ಅದರ ಮೇಲೆ ಮತ್ತೆ ಮಣ್ಣು ಎಳೆಯುತ್ತಾರೆ. ಇಷ್ಟೆಲ್ಲ ಯಂತ್ರದ ಭಾರ ಹೊರುವುದಕ್ಕೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಭಾರ ಹೊರುವುದು ಆ ಬುನಾದಿಯ ಸಣ್ಣ ಕೆಲಸ. ಗಾಳಿ ನೂಕಿದಾಗ ಯಂತ್ರ ಮಗುಚದಂತೆ ಹಿಡಿಯುವುದು ಅದರ ದೊಡ್ಡ ಕೆಲಸ.

ಆ ನೂಕುಬಲದ ಅಂದಾಜು ಸಿಗಲೆಂದು ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2009ರಲ್ಲಿ 5 ಮೆಗಾವ್ಯಾಟ್ ಸಾಮರ್ಥ್ಯದ ಒಂದು ಕಾಲ್ಪನಿಕ ಯಂತ್ರದ ಸಂಪೂರ್ಣ ವಿವರವನ್ನು ಎಲ್ಲರ ಬಳಕೆಗೆ ಪ್ರಕಟಿಸಿತು. ಯಾವ ಕಂಪನಿಯೂ ಕಟ್ಟದ ಈ ಯಂತ್ರವನ್ನೇ ಜಗತ್ತಿನ ಸಂಶೋಧಕರು ಸಮಾನ ಉದಾಹರಣೆಯಾಗಿ ಬಳಸುತ್ತಾರೆ. ಅದರ ರೆಕ್ಕೆಗಳು ಬಿಡಿಸುವ ವೃತ್ತದ ವ್ಯಾಸ 126 ಮೀಟರ್; ರೆಕ್ಕೆಗಳ ನಡುಗುಂಬ ಇರುವ ಎತ್ತರ 90 ಮೀಟರ್. ಸೆಕೆಂಡಿಗೆ 11.4 ಮೀಟರ್ ವೇಗದ ಗಾಳಿಯಲ್ಲಿ ಅದು ಪೂರ್ಣ ಸಾಮರ್ಥ್ಯಕ್ಕೆ ಬರುತ್ತದೆ, ಮತ್ತು ಆ ಹೊತ್ತಿಗೆ ಗಾಳಿ ಅದನ್ನು ಸುಮಾರು 80 ಟನ್ ತೂಕಕ್ಕೆ ಸಮನಾದ ಬಲದಿಂದ ಹಿಂದಕ್ಕೆ ನೂಕುತ್ತಿರುತ್ತದೆ. ತೊಂಬತ್ತು ಮೀಟರ್ ಎತ್ತರದ ಕಂಬದ ತುದಿಗೆ 80 ಟನ್ ಬಲವನ್ನು ಅಡ್ಡಲಾಗಿ ಹಾಕಿದರೆ ಬುಡದಲ್ಲಿ ಏನಾಗಬಹುದು ಎಂಬುದನ್ನು ಊಹಿಸಿಕೊಳ್ಳಿ. ಈಗ ಆ ಬುನಾದಿಯನ್ನು ಪೂರ್ತಿಯಾಗಿ ತೆಗೆದು, ಯಂತ್ರವನ್ನು ನೂರಿನ್ನೂರು ಮೀಟರ್ ಆಳದ ನೀರಿನ ಮೇಲೆ ಇಡಬೇಕು. ಇಂದಿನ ವಿಷಯ ಅದು.

ಇಷ್ಟು ಕಷ್ಟಪಟ್ಟು ಕಡಲಿಗೆ ಏಕೆ ಹೋಗಬೇಕು ಎಂದು ನೀವು ಕೇಳಬಹುದು. ಗಾಳಿಯಿಂದ ಸಿಗುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾದದ್ದು. ವೇಗ ಕಾಲುಭಾಗ ಹೆಚ್ಚಿದರೆ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಡಲಿನ ಮೇಲೆ ಗುಡ್ಡ, ಮರ, ಮನೆಗಳ ತಡೆಯಿಲ್ಲವಾದ್ದರಿಂದ ಗಾಳಿ ಬಲವಾಗಿಯೂ ಒಂದೇ ಸಮನಾಗಿಯೂ ಬೀಸುತ್ತದೆ. ಇನ್ನೊಂದು ಕಾರಣ ರಸ್ತೆ. ಇಲ್ಲಿಯ ಯಂತ್ರಗಳ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ಒಂದು ಊರಿನ ತಿರುವು ದಾಟುವಾಗ ಪಡುವ ಪಾಡು ನಿಮಗೆ ಗೊತ್ತು. ಈಗ ಸಂಶೋಧನೆಯಲ್ಲಿ ಬಳಕೆಯಲ್ಲಿರುವ 15 ಮೆಗಾವ್ಯಾಟ್ ಮಾದರಿ ಯಂತ್ರದ ಒಂದೊಂದು ರೆಕ್ಕೆ 117 ಮೀಟರ್ ಉದ್ದವಿದೆ. ಅದು ಯಾವ ತಿರುವನ್ನೂ ದಾಟುವುದಿಲ್ಲ, ಹಡಗಿನಲ್ಲಿಯೇ ಹೋಗಬೇಕು. ನೀರಿನ ಆಳ 50-60 ಮೀಟರಿನೊಳಗಿದ್ದರೆ ತಳಕ್ಕೆ ಉಕ್ಕಿನ ಕಂಬ ಹೊಡೆದು ಯಂತ್ರ ನಿಲ್ಲಿಸಬಹುದು. ಅದಕ್ಕಿಂತ ಆಳಕ್ಕೆ ಹೋದಂತೆ ಆ ಕಂಬದ ವೆಚ್ಚ ಭರಿಸಲಾರದಷ್ಟು ಏರುತ್ತದೆ, ಮತ್ತು ಜಗತ್ತಿನ ಒಳ್ಳೆಯ ಕಡಲಗಾಳಿಯ ಬಹುಭಾಗ ಇರುವುದು ಅಂತಹ ಆಳದ ನೀರಿನ ಮೇಲೆಯೇ.

ತೇಲಿಸುವ ಆಲೋಚನೆ ಹೊಸದಲ್ಲ. ನೌಕಾಪಡೆಯ ಎಂಜಿನಿಯರಾಗಿದ್ದು ಬಳಿಕ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ವಿಲಿಯಂ ಹೆರೋನೆಮಸ್ ಅವರು 1972ರಲ್ಲೇ ಅಟ್ಲಾಂಟಿಕ್ ಕಡಲಿನ ಮೇಲೆ ತೇಲುವ ಗಾಳಿಯಂತ್ರಗಳ ಸಾಲುಗಳನ್ನು ನಿಲ್ಲಿಸಿ, ಆ ವಿದ್ಯುತ್ತಿನಿಂದ ಜಲಜನಕ ತಯಾರಿಸಬಹುದೆಂದು ವಿವರವಾದ ಪ್ರಸ್ತಾಪ ಮುಂದಿಟ್ಟರು. ಅದು ಕಾರ್ಯರೂಪಕ್ಕೆ ಬರಲು ಸುಮಾರು ನಾಲ್ಕು ದಶಕಗಳು ಬೇಕಾದವು. ಆ ವಿಳಂಬಕ್ಕೆ ಹಣ, ತೈಲದ ಬೆಲೆ ಮುಂತಾದ ಕಾರಣಗಳೂ ಇದ್ದವು. ಆದರೆ ಆ ಕಾಲದಲ್ಲಿ ಗಾಳಿ, ಅಲೆ, ಯಂತ್ರ, ಅದನ್ನು ಕಡಲತಳಕ್ಕೆ ಕಟ್ಟಿಹಿಡಿಯುವ ಲಂಗರಿನ ಸರಪಳಿ ಈ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕುವ ವಿದ್ಯೆಯೇ ಇರಲಿಲ್ಲ ಎಂಬ ಕಾರಣಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ತೇಲುವ ವಸ್ತು ಮಗುಚದೆ ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದನ್ನು ಆನೆಗೊಂದಿಯ ಹರಿಗೋಲಿನಲ್ಲಿ ಕೂತವರು ಅನುಭವದಿಂದಲೇ ಬಲ್ಲರು: ಹರಿಗೋಲು ನೀರಿನೊಳಗೆ ಹೆಚ್ಚು ಇಳಿದಿರುವುದಿಲ್ಲ, ಆದರೆ ನೀರಿನ ಮೇಲೆ ಅಗಲವಾಗಿ ಹರಡಿಕೊಂಡಿರುತ್ತದೆ; ಒಂದು ಬದಿಗೆ ಭಾರ ಬಿದ್ದರೆ ಆ ಬದಿ ಹೆಚ್ಚು ಮುಳುಗಿ, ಹೆಚ್ಚು ನೀರನ್ನು ಸರಿಸಿ, ತಾನೇ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ. ಮೂರು ನಾಲ್ಕು ದೊಡ್ಡ ಉಕ್ಕಿನ ಕೊಳವೆಗಳನ್ನು ದೂರದೂರ ನಿಲ್ಲಿಸಿ ಒಂದಕ್ಕೊಂದು ಜೋಡಿಸಿದ ಅರೆಮುಳುಗು ವೇದಿಕೆ ನಿಲ್ಲುವುದು ಈ ತತ್ವದ ಮೇಲೆ. ಎರಡನೆಯದು ನೀರಿನೊಳಗೆ ನೂರು ಮೀಟರಿಗೂ ಆಳಕ್ಕೆ ಇಳಿಯುವ, ತಳದಲ್ಲಿ ಸಾವಿರಾರು ಟನ್ ಭಾರ ತುಂಬಿದ ಒಂಟಿ ಕೊಳವೆ. ಇದನ್ನು ಸ್ಪಾರ್ ಎನ್ನುತ್ತಾರೆ. ಇದರ ಗುರುತ್ವ ಕೇಂದ್ರ ಎಷ್ಟು ಕೆಳಗಿರುತ್ತದೆಂದರೆ ಎಷ್ಟು ವಾಲಿಸಿದರೂ ಮತ್ತೆ ನೆಟ್ಟಗಾಗುತ್ತದೆ. ಮೂರನೆಯದರಲ್ಲಿ ವೇದಿಕೆಯ ತೇಲುವ ಶಕ್ತಿಯನ್ನು ಬೇಕೆಂದೇ ಹೆಚ್ಚಿಗೆ ಇಟ್ಟು, ಕಡಲತಳದಿಂದ ಬಿಗಿಯಾದ ಹಗ್ಗಗಳಲ್ಲಿ ಕೆಳಗೆಳೆದು ಹಿಡಿಯುತ್ತಾರೆ.

ಮೂರೂ ತೇಲುತ್ತವೆ. ತೇಲಿದ ಮೇಲೆ ಹೇಗೆ ಅಲ್ಲಾಡುತ್ತವೆ ಎಂಬಲ್ಲಿಂದ ನಿಜವಾದ ಕಷ್ಟ ಆರಂಭವಾಗುತ್ತದೆ. ಕಡಲಿನ ಬಲವಾದ ಅಲೆಗಳು ಸಾಮಾನ್ಯವಾಗಿ 5ರಿಂದ 20 ಸೆಕೆಂಡಿಗೆ ಒಂದರಂತೆ ಬರುತ್ತವೆ. ವೇದಿಕೆಯ ಸ್ವಾಭಾವಿಕ ಆವರ್ತಕಾಲ, ಅಂದರೆ ಒಮ್ಮೆ ವಾಲಿಸಿ ಬಿಟ್ಟರೆ ಅದು ಹೋಗಿ ಮರಳಿ ಬರುವ ಕಾಲ, ಈ ವ್ಯಾಪ್ತಿಯೊಳಗೆ ಬಿದ್ದರೆ ಅನುರಣನೆ ಉಂಟಾಗಿ ತೂಗಾಟ ಮಿತಿಮೀರುತ್ತದೆ. ಆದ್ದರಿಂದ ಸ್ಪಾರ್ ಮಾದರಿಯಲ್ಲಿ ಆ ಕಾಲವನ್ನು ಸುಮಾರು 30 ಸೆಕೆಂಡಿಗೆ ಏರಿಸುತ್ತಾರೆ. ಬಿಗಿಹಗ್ಗದ ಮಾದರಿಯಲ್ಲಿ ಅಲೆಗಳಿಗಿಂತ ಕೆಳಕ್ಕೆ, ಕೆಲವೇ ಸೆಕೆಂಡುಗಳಿಗೆ ಇಳಿಸುತ್ತಾರೆ. ಕಾಗದದ ಮೇಲೆ ಇಷ್ಟು ಮಾಡಬಹುದು. ಆದರೆ ಕೋಟಿಗಟ್ಟಲೆ ಹಣ ಹಾಕಿ ಕಡಲಿಗೆ ಇಳಿಸುವ ಮೊದಲು ಆ ಲೆಕ್ಕ ಸರಿಯೇ ಎಂದು ನೋಡಬೇಕಲ್ಲ? ವಿಶ್ವವಿದ್ಯಾಲಯಗಳ ಅಲೆತೊಟ್ಟಿಗಳು ಇರುವುದು ಇದಕ್ಕಾಗಿ.

ಅಲೆತೊಟ್ಟಿ ಎಂದರೆ ಒಂದು ಅಂಚಿನಲ್ಲಿ ಅಲೆ ಎಬ್ಬಿಸುವ ಹಲಗೆಗಳೂ ಎದುರಂಚಿನಲ್ಲಿ ಅಲೆಯನ್ನು ಹೀರಿಕೊಳ್ಳುವ ಇಳಿಜಾರೂ ಇರುವ ದೊಡ್ಡ ಕೊಳ. ಹಡಗಿನ ಸಣ್ಣ ಮಾದರಿಯನ್ನು ಎಳೆದು ದೊಡ್ಡ ಹಡಗಿನ ವರ್ತನೆ ತಿಳಿಯುವ ಕ್ರಮವನ್ನು ಇಂಗ್ಲೆಂಡಿನ ವಿಲಿಯಂ ಫ್ರೂಡ್ 1870ರ ದಶಕದಲ್ಲಿ ಟಾರ್ಕಿ ಪಟ್ಟಣದ ತೊಟ್ಟಿಯೊಂದರಲ್ಲಿ ಸ್ಥಾಪಿಸಿದರು. ಅವರ ನಿಯಮದಂತೆ ಮಾದರಿಯನ್ನು ಐವತ್ತರಲ್ಲಿ ಒಂದರಷ್ಟು ಕಿರಿದು ಮಾಡಿದರೆ ಉದ್ದಗಳೆಲ್ಲ ಐವತ್ತರಲ್ಲಿ ಒಂದಾಗುತ್ತವೆ, ಕಾಲ ಐವತ್ತರ ವರ್ಗಮೂಲದಷ್ಟು ಇಳಿಯುತ್ತದೆ, ತೂಕ ಮತ್ತು ಬಲಗಳು ಐವತ್ತರ ಘನದಷ್ಟು, ಅಂದರೆ 1,25,000 ಪಟ್ಟು ಇಳಿಯುತ್ತವೆ. ಹತ್ತು ಮೀಟರ್ ಎತ್ತರದ ಅಲೆ ಇಪ್ಪತ್ತು ಸೆಂಟಿಮೀಟರಿನ ಅಲೆಯಾಗುತ್ತದೆ. ಹನ್ನೆರಡು ಸೆಕೆಂಡಿನ ಅಲೆ 1.7 ಸೆಕೆಂಡಿಗೆ ಬರುತ್ತದೆ. ಮೊದಲು ಹೇಳಿದ 5 ಮೆಗಾವ್ಯಾಟ್ ಯಂತ್ರದ ತಲೆಭಾಗದ ತೂಕ 350 ಟನ್. ಮಾದರಿಯಲ್ಲಿ ಅದು 2.8 ಕಿಲೋಗ್ರಾಂ ಆಗಬೇಕು. ಎರಡೂವರೆ ಮೀಟರ್ ವ್ಯಾಸದ ರೆಕ್ಕೆಗಳು, ಮೋಟಾರು, ಅಳತೆಯ ಸಾಧನಗಳು, ತಂತಿಗಳು ಎಲ್ಲವೂ ಆ 2.8 ಕಿಲೋದೊಳಗೆ ಹಿಡಿಸಬೇಕು. ಮಾದರಿ ಕಟ್ಟಿದವರಿಗೆ ಮಾತ್ರ ಈ ಸಂಖ್ಯೆಯ ಕಾಠಿಣ್ಯ ಗೊತ್ತು. ಇನ್ನು ಐದು ಮೆಗಾವ್ಯಾಟ್ ಎಂಬ ಸಾಮರ್ಥ್ಯ ಈ ಅಳತೆಯಲ್ಲಿ ಆರು ವ್ಯಾಟಿಗೂ ಕಡಿಮೆಯಾಗುತ್ತದೆ.

ಇಲ್ಲಿಯವರೆಗಿನದು ಕೈಚಳಕದ ಕಷ್ಟ. ಮುಂದಿನದು ಪ್ರಕೃತಿಯೇ ತಂದಿಟ್ಟ ಕಷ್ಟ. ಫ್ರೂಡ್ ನಿಯಮ ಅಲೆಗೆ ಸರಿಹೊಂದುತ್ತದೆ, ಏಕೆಂದರೆ ಅಲೆಯನ್ನು ಆಳುವುದು ಗುರುತ್ವ. ರೆಕ್ಕೆಯ ಮೇಲೆ ಹರಿಯುವ ಗಾಳಿಯನ್ನು ಆಳುವುದು ಬೇರೆ: ಗಾಳಿಯ ಜಡತ್ವಕ್ಕೂ ಅದರ ಸ್ನಿಗ್ಧತೆಗೂ, ಅಂದರೆ ಅಂಟುಗುಣಕ್ಕೂ, ಇರುವ ಅನುಪಾತ. ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಬರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ನೀರು ಹರಿಸಿ ತೋರಿಸಿದ ಆ ಅನುಪಾತಕ್ಕೆ ಅವರದೇ ಹೆಸರಿದೆ. ಫ್ರೂಡ್ ನಿಯಮವನ್ನು ಪಾಲಿಸಿ ಮಾದರಿಯನ್ನು ಐವತ್ತರಲ್ಲಿ ಒಂದು ಮಾಡಿದ ಕೂಡಲೇ ರೆನಾಲ್ಡ್ಸ್ ಸಂಖ್ಯೆ ಸುಮಾರು 350 ಪಟ್ಟು ಕುಸಿಯುತ್ತದೆ. ಆಗ ರೆಕ್ಕೆಯ ಆಕಾರ ತದ್ರೂಪವಾಗಿದ್ದರೂ ಗಾಳಿ ಅದಕ್ಕೆ ಅಂಟಿಕೊಂಡು ಹರಿಯದೆ ಬೇಗ ಬಿಟ್ಟುಹೋಗುತ್ತದೆ, ಎತ್ತುಬಲ ಕುಗ್ಗುತ್ತದೆ, ನೂಕುಬಲ ಇರಬೇಕಾದಷ್ಟು ಇರುವುದಿಲ್ಲ. ಒಂದೇ ತೊಟ್ಟಿಯಲ್ಲಿ, ಒಂದೇ ಮಾದರಿಯಲ್ಲಿ, ಅಲೆಯ ನಿಯಮವನ್ನೂ ಗಾಳಿಯ ನಿಯಮವನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವೇ ಇಲ್ಲ. ಕಳೆದ ಇಪ್ಪತ್ತು ವರ್ಷಗಳ ಪ್ರಯೋಗಶಾಲೆಯ ಸಂಶೋಧನೆಯ ಬಹುಪಾಲನ್ನು ಈ ಇಕ್ಕಟ್ಟಿನೊಡನೆ ನಡೆದ ಹಗ್ಗಜಗ್ಗಾಟವೆಂದೇ ನಾನು ಓದುತ್ತೇನೆ.

ಅಮೆರಿಕದ ಮೈನ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 2011ರಲ್ಲಿ ನೆದರ್‌ಲೆಂಡ್ಸಿನ ಮರಿನ್ ಸಂಸ್ಥೆಯ ತೊಟ್ಟಿಯಲ್ಲಿ ಮೂರೂ ಬಗೆಯ ವೇದಿಕೆಗಳನ್ನು ಐವತ್ತರಲ್ಲಿ ಒಂದರ ಅಳತೆಯಲ್ಲಿ ಪರೀಕ್ಷಿಸಿತು. ರೆಕ್ಕೆಗಳು ಮೂಲದ ತದ್ರೂಪವಾಗಿದ್ದವು. ನಿರೀಕ್ಷಿತ ನೂಕುಬಲ ಬರಲಿಲ್ಲ. ಗಾಳಿಯ ವೇಗವನ್ನು ಕೃತಕವಾಗಿ ಏರಿಸಿ ಸರಿದೂಗಿಸಬೇಕಾಯಿತು. ಎರಡು ವರ್ಷಗಳ ಬಳಿಕ ನಡೆದ ಮರುಪರೀಕ್ಷೆಯಲ್ಲಿ ಆಕಾರದ ಹೋಲಿಕೆಯನ್ನೇ ಕೈಬಿಟ್ಟು, ಕಡಿಮೆ ರೆನಾಲ್ಡ್ಸ್ ಸಂಖ್ಯೆಯಲ್ಲೂ ಸರಿಯಾದ ನೂಕುಬಲ ಕೊಡುವಂತಹ ಅಗಲವಾದ ಬೇರೆ ರೆಕ್ಕೆಗಳನ್ನು ಬಳಸಿದರು. ನೋಡಲು ಅದು ಮೂಲ ಯಂತ್ರದಂತಿಲ್ಲ, ಆದರೆ ವರ್ತನೆಯಲ್ಲಿ ಮೂಲಕ್ಕೆ ಹತ್ತಿರ. ಬೇರೆಡೆ ಬೇರೆ ಉಪಾಯಗಳು ಹುಟ್ಟಿದವು. ಕೆಲವರು ರೆಕ್ಕೆಗಳನ್ನೇ ತೆಗೆದು, ಗಾಳಿಯ ಬಲವನ್ನು ಕಂಪ್ಯೂಟರಿನಲ್ಲಿ ಆ ಕ್ಷಣಕ್ಕೆ ಲೆಕ್ಕ ಹಾಕಿ, ಸಣ್ಣ ಫ್ಯಾನಿನಿಂದಲೋ ತಂತಿಗಳಿಂದಲೋ ಮಾದರಿಯ ಮೇಲೆ ಹೇರಿದರು. ಇಟಲಿಯ ಮಿಲಾನ್ ಪಾಲಿಟೆಕ್ನಿಕ್‌ನವರು ಇದಕ್ಕೆ ತಿರುವುಮುರುವಾಗಿ ನಡೆದು, ಗಾಳಿಸುರಂಗದಲ್ಲಿ ನಿಜವಾದ ಗಾಳಿ ಬೀಸಿ, ಅಲೆಯ ಪಾತ್ರವನ್ನು ಕೆಳಗಿನ ರೋಬಾಟಿಗೆ ವಹಿಸಿದರು. ಮೈನ್‌ನವರು 2013ರಲ್ಲಿ ತೊಟ್ಟಿಯನ್ನೇ ಬಿಟ್ಟು, ಎಂಟರಲ್ಲಿ ಒಂದರ ಅಳತೆಯ ಕಾಂಕ್ರೀಟು ವೇದಿಕೆಯ ಮೇಲೆ 20 ಕಿಲೋವ್ಯಾಟಿನ ಯಂತ್ರ ಕಟ್ಟಿ ಕ್ಯಾಸ್ಟೀನ್ ಎಂಬ ಊರಿನ ಬಳಿ ಕಡಲಿಗೆ ಇಳಿಸಿದರು. ಆ ಕೊಲ್ಲಿಯ ಸಣ್ಣ ಅಲೆಗಳು ಹೊರಗಿನ ತೆರೆದ ಕಡಲಿನ ದೊಡ್ಡ ಅಲೆಗಳ ಕಿರುರೂಪದಂತಿದ್ದವು. ಆ ಅಳತೆಯಲ್ಲಿ ರೆನಾಲ್ಡ್ಸ್ ಸಂಖ್ಯೆ ಕುಸಿಯುವುದು 350 ಪಟ್ಟಲ್ಲ, ಸುಮಾರು 23 ಪಟ್ಟು ಮಾತ್ರ. ಅಮೆರಿಕದಲ್ಲಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಮೊದಲ ತೇಲುವ ಗಾಳಿಯಂತ್ರ ಅದೇ. ಈ ಉಪಾಯಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು.

ನೂಕುಬಲವನ್ನು ಇಷ್ಟು ಕಷ್ಟಪಟ್ಟು ಸರಿಯಾಗಿ ತರಬೇಕಾದುದಕ್ಕೆ ಒಂದು ವಿಶೇಷ ಕಾರಣವಿದೆ. ಗಾಳಿಯ ವೇಗ ಮಿತಿ ದಾಟಿದಾಗ ಯಂತ್ರ ತನ್ನ ರೆಕ್ಕೆಗಳನ್ನು ತಿರುಗಿಸಿಕೊಂಡು ಹೆಚ್ಚುವರಿ ಗಾಳಿಯನ್ನು ಜಾರಲು ಬಿಡುತ್ತದೆ. ಉತ್ಪಾದನೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ, ನೂಕುಬಲ ಕಡಿಮೆಯಾಗುತ್ತದೆ. ಹೊಲದಲ್ಲಿ ನಿಂತ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ತೇಲುವ ಯಂತ್ರ ಗಾಳಿಯ ಎದುರಿಗೆ ಬಾಗಿದಾಗ ಅದಕ್ಕೆ ಗಾಳಿ ಹೆಚ್ಚಿದಂತೆ ಭಾಸವಾಗುತ್ತದೆ. ನಿಯಂತ್ರಕ ರೆಕ್ಕೆಗಳನ್ನು ತಿರುಗಿಸುತ್ತದೆ. ತಡೆಯಬೇಕಾದ ನೂಕುಬಲ ಇಳಿದು ಯಂತ್ರ ಇನ್ನೂ ಮುಂದಕ್ಕೆ ಬಾಗುತ್ತದೆ. ಹಿಂದಕ್ಕೆ ಮರಳುವಾಗ ಗಾಳಿ ಇಳಿದಂತಾಗಿ, ರೆಕ್ಕೆಗಳು ಮತ್ತೆ ಗಾಳಿಗೆ ಮೈಯೊಡ್ಡಿ, ನೂಕುಬಲ ಏರಿ, ಹೋಗುತ್ತಿರುವ ದಿಕ್ಕಿಗೇ ಇನ್ನಷ್ಟು ತಳ್ಳುತ್ತದೆ. ಹೀಗೆ ಯಂತ್ರವನ್ನು ಕಾಪಾಡಬೇಕಾದ ನಿಯಂತ್ರಕವೇ ಪ್ರತಿ ತೂಗಾಟಕ್ಕೂ ಶಕ್ತಿ ತುಂಬುತ್ತದೆ. ಇದನ್ನು ಋಣ ಅವಮಂದನ ಎನ್ನುತ್ತಾರೆ. ನಾರ್ವೆಯ ಸಂಶೋಧಕರು ಟ್ರಾಂಡ್‌ಹೈಮ್ ನಗರದ ತೊಟ್ಟಿಯಲ್ಲಿ ಸ್ಪಾರ್ ಮಾದರಿಯನ್ನು ಪರೀಕ್ಷಿಸುವ ಕಾಲಕ್ಕೆ, ಅಂದರೆ 2005-07ರ ಸುಮಾರಿಗೆ, ಈ ವಿಷಯ ಸ್ಪಷ್ಟವಾಗಿ ಮುಂದೆ ಬಂತು. ಪರಿಹಾರ ಸರಳ: ವೇದಿಕೆಯ ಮೂವತ್ತು ಸೆಕೆಂಡಿನ ತೂಗಾಟಕ್ಕಿಂತ ನಿಧಾನವಾಗಿ ಸ್ಪಂದಿಸುವಂತೆ ನಿಯಂತ್ರಕವನ್ನು ಮಂದಗೊಳಿಸುವುದು. ಅದಕ್ಕೆ ತೆರುವ ಬೆಲೆ, ರೆಕ್ಕೆಗಳ ತಿರುಗುವ ವೇಗ ತುಸು ಹೆಚ್ಚು ಏರಿಳಿಯುವುದು. ಇಂದಿಗೂ ಈ ಎರಡರ ನಡುವಿನ ಹದ ಹುಡುಕುವ ಪ್ರಬಂಧಗಳು ಬರುತ್ತಲೇ ಇವೆ.

ತೊಟ್ಟಿಯ ಫಲಿತಾಂಶವನ್ನು ಕಂಪ್ಯೂಟರಿನ ಲೆಕ್ಕದೊಡನೆ ಹೋಲಿಸುವ ಅಂತರರಾಷ್ಟ್ರೀಯ ಪ್ರಯತ್ನವೊಂದು 2005ರಿಂದ ಹಂತಹಂತವಾಗಿ ನಡೆದಿದೆ. ಅನೇಕ ದೇಶಗಳ ವಿಶ್ವವಿದ್ಯಾಲಯಗಳೂ ಕಂಪನಿಗಳೂ ಒಂದೇ ಸಮಸ್ಯೆಯನ್ನು ತಮ್ಮತಮ್ಮ ತಂತ್ರಾಂಶದಲ್ಲಿ ಬಿಡಿಸಿ ಉತ್ತರಗಳನ್ನು ಬಹಿರಂಗವಾಗಿ ಎದುರುಬದುರು ಇಡುತ್ತವೆ. ಅರೆಮುಳುಗು ವೇದಿಕೆಯ ತೊಟ್ಟಿ ಪರೀಕ್ಷೆಯೊಡನೆ ಹೋಲಿಸಿದ ಹಂತದಲ್ಲಿ, ತಂತ್ರಾಂಶಗಳು ರಚನೆಯ ಮೇಲೆ ಬೀಳುವ ಹೊರೆಯನ್ನು ಸರಾಸರಿ ಶೇ. 20ರಷ್ಟು ಕಡಿಮೆ ಅಂದಾಜು ಮಾಡಿದ್ದವೆಂದು ಕಂಡುಬಂತು. ಮುಖ್ಯ ಕಾರಣ, ಸ್ವಲ್ಪವೇ ಬೇರೆಬೇರೆ ಆವರ್ತಕಾಲದ ಅಲೆಗಳು ಕೂಡಿದಾಗ ಹುಟ್ಟುವ ಬಹಳ ನಿಧಾನವಾದ, ಚಿಕ್ಕ ಬಲಗಳು. ಅವು ಅಲೆಯ ವೇಗಕ್ಕಲ್ಲ, ವೇದಿಕೆಯ ನಿಧಾನದ ತೂಗಾಟಕ್ಕೆ ತಾಳ ಹಾಕುತ್ತವೆ. ಲೆಕ್ಕ ತಪ್ಪಿದೆ ಎಂದು ಇಷ್ಟು ಜನ ಒಟ್ಟಿಗೆ, ಹೆಸರು ಹಾಕಿ ಪ್ರಕಟಿಸುವ ಪದ್ಧತಿ ಉದ್ಯಮದಿಂದ ತಾನಾಗಿ ಬರುವಂಥದ್ದಲ್ಲ. ವಿಶ್ವವಿದ್ಯಾಲಯಗಳು ಈ ಕ್ಷೇತ್ರಕ್ಕೆ ಕೊಟ್ಟದ್ದರಲ್ಲಿ ಇದನ್ನೇ ನಾನು ದೊಡ್ಡದೆನ್ನುತ್ತೇನೆ.

ಲಂಗರಿನ ಸರಪಳಿಯ ವಿಷಯವನ್ನು ಈ ಜಿಲ್ಲೆಯಲ್ಲಿ ವಿವರಿಸುವುದು ಸುಲಭ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಯಾರೂ ಮರೆತಿಲ್ಲ. ಅಲ್ಲಿ ಹತ್ತಿರ ಹೋಗಲು ಸೇತುವೆಯಿತ್ತು, ಕ್ರೇನು ನಿಲ್ಲಿಸಲು ಜಾಗವಿತ್ತು, ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗೇಟು ಇಳಿಸಲು ಸಾಧ್ಯವಾಯಿತು. ತೇಲುವ ಗಾಳಿಯಂತ್ರದ ಸರಪಳಿ ಉಪ್ಪುನೀರಿನಲ್ಲಿ, ಕಣ್ಣಿಗೆ ಕಾಣದ ಆಳದಲ್ಲಿರುತ್ತದೆ. ಎಂಟು ಸೆಕೆಂಡಿಗೊಂದು ಅಲೆಯಂತೆ ಲೆಕ್ಕ ಹಿಡಿದರೂ ಇಪ್ಪತ್ತೈದು ವರ್ಷಗಳಲ್ಲಿ ಅದು ಸುಮಾರು ಹತ್ತು ಕೋಟಿ ಸಲ ಬಿಗಿದು ಸಡಿಲವಾಗುತ್ತದೆ. ಒಂದೊಂದು ಸಲದ ಎಳೆತ ಅದರ ಶಕ್ತಿಗೆ ಎಷ್ಟೋ ಕೆಳಗಿದ್ದರೂ, ಇಷ್ಟು ಸಲ ಮರುಕಳಿಸಿದಾಗ ಲೋಹ ದಣಿದು ಸೂಕ್ಷ್ಮ ಬಿರುಕು ಬೆಳೆಯುತ್ತದೆ. ತುಕ್ಕು ಅದಕ್ಕೆ ಜೊತೆಯಾಗುತ್ತದೆ. ಮೇಲಿನಿಂದ ಇಳಿಯುವ ವಿದ್ಯುತ್ ಕೇಬಲ್ಲಿಗೂ ಇದೇ ಕಾಟ.

ಕಡಲಿಗೆ ಇಳಿದವುಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ನಾರ್ವೆಯಲ್ಲಿ 2009ರಲ್ಲಿ 2.3 ಮೆಗಾವ್ಯಾಟಿನ ಹೈವಿಂಡ್ ಯಂತ್ರ ನಿಂತಿತು. 2017ರಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಬಳಿ ಅದೇ ಮಾದರಿಯ ಐದು ಯಂತ್ರಗಳ 30 ಮೆಗಾವ್ಯಾಟಿನ ಘಟಕ ಬಂತು. ಪೋರ್ಚುಗಲ್‌ನಲ್ಲಿ 2020ರಲ್ಲಿ ಅರೆಮುಳುಗು ವೇದಿಕೆಯ ಮೂರು ಯಂತ್ರಗಳು ಬಂದವು. 2023ರಲ್ಲಿ ನಾರ್ವೆಯ ತೈಲಬಾವಿಗಳಿಗೇ ವಿದ್ಯುತ್ ಕೊಡುವ ಹನ್ನೊಂದು ಯಂತ್ರಗಳ ಘಟಕ ಆರಂಭವಾಯಿತು. ಇವು ಗೆದ್ದವೆಂದು ಪಟ್ಟಿ ಮಾಡುವವರು ಫುಕುಶಿಮಾವನ್ನು ಬಿಟ್ಟುಬಿಡುತ್ತಾರೆ. ಜಪಾನಿನಲ್ಲಿ ಟೋಕಿಯೊ ವಿಶ್ವವಿದ್ಯಾಲಯವೂ ಸೇರಿದ ಒಕ್ಕೂಟ ಅಲ್ಲಿ 2, 7 ಮತ್ತು 5 ಮೆಗಾವ್ಯಾಟಿನ ಮೂರು ಯಂತ್ರಗಳನ್ನು ತೇಲಿಸಿತು. ಅವು ಆರ್ಥಿಕವಾಗಿ ನಿಲ್ಲುವುದಿಲ್ಲವೆಂದು ತೀರ್ಮಾನವಾಗಿ ತೆಗೆದುಹಾಕಬೇಕಾಯಿತು. ತೇಲುವುದರಲ್ಲಿ ಅವು ಸೋಲಲಿಲ್ಲ. ಪೀಟರ್‌ಹೆಡ್‌ನ ಐದೂ ಯಂತ್ರಗಳನ್ನು 2024ರಲ್ಲಿ ಭಾರಿ ದುರಸ್ತಿಗೆಂದು ಲಂಗರು ಬಿಡಿಸಿ ನಾರ್ವೆಯವರೆಗೆ ಎಳೆದೊಯ್ದರು. ಕಡಲಿನ ಮಧ್ಯದಲ್ಲಿ ತೂಗಾಡುವ ಯಂತ್ರದ ತಲೆಯಿಂದ ದೊಡ್ಡ ಬಿಡಿಭಾಗವನ್ನು ತೂಗಾಡುವ ಹಡಗಿನ ಕ್ರೇನಿನಿಂದ ಇಳಿಸುವುದು ಇನ್ನೂ ಸುಲಭದ ಕೆಲಸವಾಗಿಲ್ಲ.

ನಮ್ಮ ದೇಶದಲ್ಲಿ ಕಡಲಾಚೆಯ ಪವನ ವಿದ್ಯುತ್ ನೀತಿ 2015ರಲ್ಲಿ ಬಂತು. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವ್ಯಾಟಿಗೆ, ಬಂದರುಗಳ ಸುಧಾರಣೆಯೂ ಸೇರಿ, 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿಗೆ ಕೊಟ್ಟಿತು. ಇವು ತಳಕ್ಕೆ ನೆಟ್ಟು ನಿಲ್ಲಿಸುವ ಯಂತ್ರಗಳಿಗಾಗಿ. ನಾವು ಮೊದಲು ಅದನ್ನೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ತೇಲುವ ಯಂತ್ರಕ್ಕೆ ಬೇಕಾದ ಕಡಲ ವಿದ್ಯೆ ನಮ್ಮಲ್ಲಿ ಇಲ್ಲವೆಂದಲ್ಲ. ಮದ್ರಾಸ್ ಐಐಟಿಯವರು 1991ರಲ್ಲೇ ಕೇರಳದ ವಿಳಿಂಜಂನಲ್ಲಿ ಅಲೆಯಿಂದ ವಿದ್ಯುತ್ ತೆಗೆಯುವ 150 ಕಿಲೋವ್ಯಾಟಿನ ಘಟಕ ಕಟ್ಟಿದ್ದರು; ಚೆನ್ನೈನಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಿದೆ; ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಕಲಿಸುತ್ತಾರೆ. ಉಕ್ಕಿನ ಮಾತಿಗೆ ಬಂದರೆ, 15 ಮೆಗಾವ್ಯಾಟಿನ ಮಾದರಿ ಯಂತ್ರ ಹೊರುವ ಅರೆಮುಳುಗು ವೇದಿಕೆಗೆ ಒಂದಕ್ಕೇ ಸುಮಾರು 3,900 ಟನ್ ಉಕ್ಕು ಬೇಕು. ತೋರಣಗಲ್ಲಿನ ಕುಲುಮೆಗಳು ಇಲ್ಲಿಂದ ದೂರವಿಲ್ಲ ಎಂಬುದನ್ನು ಬಳ್ಳಾರಿಯಿಂದ ಬಂದ ಮಿತ್ರರು ಗಮನಿಸಲಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ. ಹೊಲವನ್ನು ಗಾಳಿಯಂತ್ರಕ್ಕೆ ಕೊಟ್ಟ ಹಿರಿಯ ರೈತರೊಬ್ಬರು, "ಸಮುದ್ರದಾಗ ಫ್ಯಾನ್ ಹಾಕಿದ್ರ ನಮ್ಮ ಹೊಲದಾಗಿನ ಫ್ಯಾನ್ ಬಂದ್ ಮಾಡ್ತಾರೇನ್ರೀ?" ಎಂದು ಕೇಳಿದರು. ಸದ್ಯಕ್ಕೆ ಆ ಭಯ ಬೇಡವೆಂದೆ. ಹೊಲದ ಯಂತ್ರದ ವಿದ್ಯುತ್ತು ಕಡಲಿನದಕ್ಕಿಂತ ಎಷ್ಟೋ ಅಗ್ಗ. ಅಷ್ಟು ದೊಡ್ಡ ಸರ್ಕಾರಿ ನೆರವು ಬೇಕಾದದ್ದೇ ಅದಕ್ಕೆ ಸಾಕ್ಷಿ.

ಎರಡನೆಯ ಪ್ರಶ್ನೆ ಭೌತವಿಜ್ಞಾನದ ವಿದ್ಯಾರ್ಥಿನಿಯೊಬ್ಬಳದು: ಕಡಲೂ ಇಲ್ಲದ, ಅಲೆತೊಟ್ಟಿಯೂ ಇಲ್ಲದ ಊರಿನಲ್ಲಿ ಕುಳಿತು ಇದರಲ್ಲಿ ಏನು ಮಾಡಬಹುದು? ನಾನು ಕೊಟ್ಟ ಉತ್ತರ ಹೀಗಿತ್ತು. ಆ 5 ಮೆಗಾವ್ಯಾಟಿನ ಯಂತ್ರ, ಅದನ್ನು ಹೊತ್ತ ಸ್ಪಾರ್ ವೇದಿಕೆ, ಅವೆರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಓಪನ್‌ಫಾಸ್ಟ್ ತಂತ್ರಾಂಶ, ಮೂರೂ ಉಚಿತವಾಗಿ ಸಿಗುತ್ತವೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೊದಲು ಗಾಳಿ, ಅಲೆ ಎರಡನ್ನೂ ನಿಲ್ಲಿಸಿ, ವೇದಿಕೆಯನ್ನು ಐದು ಡಿಗ್ರಿ ವಾಲಿಸಿ ಬಿಟ್ಟು, ಅದು ತೂಗುವ ಕಾಲವನ್ನು ಅಳೆಯಬೇಕು. ಮೂವತ್ತು ಸೆಕೆಂಡಿನ ಸುತ್ತಮುತ್ತ ಬರದಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದರ್ಥ. ಅದು ಸರಿಬಂದ ಮೇಲೆ ಸೆಕೆಂಡಿಗೆ 18 ಮೀಟರ್ ಗಾಳಿ ಹಾಯಿಸಿ, ಒಮ್ಮೆ ನೆಲದ ಯಂತ್ರದ ನಿಯಂತ್ರಕವನ್ನೂ ಇನ್ನೊಮ್ಮೆ ಕಡಲಿಗೆಂದು ಮಂದಗೊಳಿಸಿದ ನಿಯಂತ್ರಕವನ್ನೂ ಹಾಕಿ ಹತ್ತು ನಿಮಿಷದ ತೂಗಾಟವನ್ನು ದಾಖಲಿಸಬೇಕು. ಆ ಎರಡು ರೇಖೆಗಳನ್ನು ಒಂದೇ ಹಾಳೆಯ ಮೇಲೆ ಮುದ್ರಿಸಿ ತಂದರೆ ಮುಂದಿನ ಚರ್ಚೆಯನ್ನು ಅಲ್ಲಿಂದ ಆರಂಭಿಸಬಹುದೆಂದು ಹೇಳಿದೆ.